ನೋಡಲು ಬಂದ ಜನ, ಕಾಣದೆ ಉಳಿದ ಕಲ್ಲು

ರಜಾದಿನಗಳಲ್ಲಿ ಮಹಾನಗರದ ವಸ್ತುಸಂಗ್ರಹಾಲಯಕ್ಕೋ ಕಲಾಪ್ರದರ್ಶನಕ್ಕೋ ಹೋದವರಿಗೆ ಅಲ್ಲಿನ ನೂಕುನುಗ್ಗಲಿನ ಅನುಭವ ಇದ್ದೇ ಇರುತ್ತದೆ. ಸರತಿಯಲ್ಲಿ ನಿಂತು ಟಿಕೇಟು ಪಡೆದು ಒಳಹೊಕ್ಕರೆ ಮೊದಲು ಕಾಣುವುದು ಮುಂದಿನವರ ಬೆನ್ನು. ಗಾಜಿನ ಪೆಟ್ಟಿಗೆಯ ಮುಂದೆ ಕ್ಷಣಕಾಲ ನಿಲ್ಲುವಷ್ಟರಲ್ಲಿ ಹಿಂದಿನವರು ಮುಂದಕ್ಕೆ ತಳ್ಳುತ್ತಾರೆ. ಮಕ್ಕಳು ನೀರಿಗಾಗಿ ಹಟ ಹಿಡಿಯುತ್ತಾರೆ. ಹೊರಬಂದ ಮೇಲೆ ಏನೇನು ನೋಡಿದಿರೆಂದು ಯಾರಾದರೂ ಕೇಳಿದರೆ ಉತ್ತರಿಸಲು ತಡವರಿಸುತ್ತೇವೆ.

ಈ ಜನಸಂದಣಿಯನ್ನು ಕಂಡು ಮೂಗು ಮುರಿಯುವ ವಿದ್ಯಾವಂತರಿದ್ದಾರೆ. ಕಲೆಯ ಗಂಧವಿಲ್ಲದ ಜನ ಇಲ್ಲಿಗೇಕೆ ಬರಬೇಕೆಂಬುದು ಅವರ ಅಸಮಾಧಾನ. ಆದರೆ ಈ ಜನ ಒಳಗೆ ಬರುವಂತಾದದ್ದು ಹೇಗೆ, ಅವರು ನೋಡುತ್ತಿರುವ ವಸ್ತುಗಳು ಅಲ್ಲಿಗೆ ಬಂದದ್ದು ಎಲ್ಲಿಂದ ಎಂಬ ಎರಡು ಪ್ರಶ್ನೆಗಳನ್ನು ಇತಿಹಾಸದ ಮುಂದಿಟ್ಟರೆ ವಿಷಯ ಬೇರೆಯಾಗಿಯೇ ತೋರುತ್ತದೆ. ಬಳ್ಳಾರಿ ಸೀಮೆಯವರಾದ ನಮಗಂತೂ ಎರಡನೆಯ ಪ್ರಶ್ನೆ ಬಹಳ ಹತ್ತಿರದ್ದು. ನಮ್ಮ ಗುಡ್ಡಗಳ ಕಲ್ಲುಗಳು ನೂರಕ್ಕೂ ಹೆಚ್ಚು ವರ್ಷಗಳಿಂದ ಅಂಥದೊಂದು ಮಹಾನಗರದ ಸಂಗ್ರಹಾಲಯದಲ್ಲಿವೆ.

ಬಾಗಿಲು ತೆರೆದ ಬಗೆ

ಅಮೂಲ್ಯ ಕಲಾವಸ್ತುಗಳು ಬಹುಕಾಲ ಅರಸರ, ಶ್ರೀಮಂತರ ಖಾಸಗಿ ಸೊತ್ತಾಗಿದ್ದವು. 1506ರಲ್ಲಿ ರೋಮಿನ ದ್ರಾಕ್ಷಿತೋಟವೊಂದರಲ್ಲಿ ಲಾವೊಕೂನ್ ಎಂಬ ಪ್ರಾಚೀನ ಶಿಲ್ಪ ದೊರೆತಾಗ ಎರಡನೆಯ ಜೂಲಿಯಸ್ ಪೋಪರು ಅದನ್ನು ಕೊಂಡು ವ್ಯಾಟಿಕನ್ನಿನಲ್ಲಿ ಇರಿಸಿದರು. ಇಂದಿನ ವ್ಯಾಟಿಕನ್ ಸಂಗ್ರಹಾಲಯಗಳು ತಮ್ಮ ಹುಟ್ಟನ್ನು ಆ ವರ್ಷದಿಂದ ಎಣಿಸುತ್ತವೆ. ಆದರೆ ಆ ಕಾಲದಲ್ಲಿ ಅದನ್ನು ನೋಡುವ ಭಾಗ್ಯ ಕೆಲವರಿಗೆ ಮಾತ್ರ. 1759ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸಾರ್ವಜನಿಕರಿಗೆ ತೆರೆದಾಗಲೂ ಮೊದಲೇ ಅರ್ಜಿ ಸಲ್ಲಿಸಿ, ಟಿಕೇಟು ಮಂಜೂರಾಗುವವರೆಗೆ ಕಾದು, ಸಣ್ಣ ಗುಂಪುಗಳಲ್ಲಿ ಹೋಗಬೇಕಾಗಿತ್ತು. ಪ್ಯಾರಿಸ್ಸಿನ ಲೂವ್ರ್ ಅರಮನೆ 1793ರ ಆಗಸ್ಟ್ 10ರಂದು ಸಂಗ್ರಹಾಲಯವಾಗಿ ಜನರಿಗೆ ತೆರೆದುಕೊಂಡದ್ದು ಕ್ರಾಂತಿಯ ಫಲ.

ಬಾಗಿಲು ತೆರೆದ ಮೇಲೆ ಜನ ಹರಿದು ಬಂದರು. 1851ರ ಲಂಡನ್ ಮಹಾಪ್ರದರ್ಶನಕ್ಕೆ ಸುಮಾರು 60 ಲಕ್ಷ ಭೇಟಿಗಳು ದಾಖಲಾದವು. 1972ರಲ್ಲಿ ಟುಟಂಖಾಮನ್ನನ ನಿಧಿಯನ್ನು ನೋಡಲು ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದವರು 16 ಲಕ್ಷಕ್ಕೂ ಹೆಚ್ಚು. ಎಲ್ಲಕ್ಕಿಂತ ವಿಚಿತ್ರವಾದದ್ದು 1911ರಲ್ಲಿ ನಡೆಯಿತು. ಆ ವರ್ಷದ ಆಗಸ್ಟಿನಲ್ಲಿ ಲೂವ್ರಿನಿಂದ ಮೋನಾಲಿಸಾ ಚಿತ್ರ ಕಳುವಾದಾಗ, ಅದು ತೂಗಿದ್ದ ಬರಿದಾದ ಗೋಡೆಯನ್ನು ನೋಡುವುದಕ್ಕೂ ಜನ ಸಾಲುಗಟ್ಟಿ ಬಂದರು. ಜನರನ್ನು ಸೆಳೆಯುವುದು ವಸ್ತುವೋ, ಅದರ ಕೀರ್ತಿಯೋ ಎಂಬ ಪ್ರಶ್ನೆ ಅಂದೇ ಎದ್ದಿತ್ತು.

ಸತ್ತ ಕಾಲೇಜು, ಜೀವದ ಕಾಲೇಜು

ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೆ ಮೊದಲು ಒಂದೂವರೆ ಶತಮಾನ ಕಾಲ ಅದು ಮದರಾಸು ಆಡಳಿತಕ್ಕೆ ಒಳಪಟ್ಟಿತ್ತು. ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಆಡಳಿತದ ಮಹಾನಗರವೆಂದರೆ ಮದರಾಸೇ. ಅಲ್ಲಿನ ಸರ್ಕಾರಿ ಸಂಗ್ರಹಾಲಯ 1851ರಲ್ಲಿ ಪ್ರಾರಂಭವಾದದ್ದು ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಕಟ್ಟಡದಲ್ಲಿ. ವೈದ್ಯರಾಗಿದ್ದ ಎಡ್ವರ್ಡ್ ಬಾಲ್ಫರ್ ಅದರ ಮೊದಲ ಅಧಿಕಾರಿ. ಕೆಲವೇ ವರ್ಷಗಳಲ್ಲಿ ಅದು ಎಗ್ಮೋರಿಗೆ ಸ್ಥಳಾಂತರಗೊಂಡಿತು. ಜೀವಂತ ಪ್ರಾಣಿಗಳನ್ನು ಇಟ್ಟರೆ ಹೆಚ್ಚು ಜನ ಬರುತ್ತಾರೆಂಬುದನ್ನು ಮನಗಂಡ ಬಾಲ್ಫರ್ ಒಂದು ಪ್ರಾಣಿಸಂಗ್ರಹಾಲಯವನ್ನೂ ಆರಂಭಿಸಿದರು.

ಮದರಾಸಿನ ಸಾಮಾನ್ಯ ಜನ ಈ ಎರಡಕ್ಕೂ ತಮ್ಮದೇ ಹೆಸರಿಟ್ಟರು. ವಸ್ತುಸಂಗ್ರಹಾಲಯ ‘ಸೆತ್ತ ಕಾಲೇಜ್’, ಅಂದರೆ ಸತ್ತ ಕಾಲೇಜು. ಪ್ರಾಣಿಸಂಗ್ರಹಾಲಯ ‘ಉಯಿರ್ ಕಾಲೇಜ್’, ಜೀವವಿರುವ ಕಾಲೇಜು. ಕಾಲೇಜಿನ ಕಟ್ಟಡದಲ್ಲಿ ಶುರುವಾದದ್ದಕ್ಕೆ ಆ ಹೆಸರು ಅಂಟಿಕೊಂಡಿತು. ಹಾಸ್ಯದಂತೆ ಕೇಳಿಸಿದರೂ ಈ ಹೆಸರಿನಲ್ಲಿ ಒಂದು ಗೌರವವಿದೆ. ಓದು ಬಾರದ ರೈತನೂ ಕೂಲಿಯವನೂ ಅದನ್ನು ಕಲಿಯುವ ಸ್ಥಳವೆಂದೇ ಗುರುತಿಸಿದ್ದರು. ಸಂಕ್ರಾಂತಿಯ ಹಬ್ಬದ ಸಾಲಿನಲ್ಲಿ ಬರುವ ಕಾಣುಂ ಪೊಂಗಲ್, ಹೆಸರೇ ಹೇಳುವಂತೆ, ನೋಡುವ ಹಬ್ಬ. ಆ ದಿನ ಹಳ್ಳಿಗಳ ಜನ ಮಕ್ಕಳುಮರಿ ಸಮೇತ ಸಂಗ್ರಹಾಲಯಕ್ಕೆ ನುಗ್ಗುವುದು ಬಹುಕಾಲದ ವಾಡಿಕೆ.

ನಮ್ಮ ನಾಡಿನಲ್ಲೂ ಇದಕ್ಕೆ ಹೋಲುವ ದೃಶ್ಯಗಳಿವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಷ್ಟು ಹಳೆಯದು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆಯಂದು ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಂತೆಗೆ ಬಂದಂತೆ ಜನ ಚಿತ್ರ ನೋಡಲು ಬರುತ್ತಾರೆ. ಬೆಲೆ ಕೇಳುತ್ತಾರೆ, ಚಿತ್ರಕಾರನೊಡನೆ ಮಾತಾಡುತ್ತಾರೆ. ಇದರಲ್ಲಿ ಮೂಗು ಮುರಿಯುವಂಥದ್ದು ಏನೂ ಇಲ್ಲ.

ಬಳ್ಳಾರಿಯಿಂದ ಹೋದ ಕಲ್ಲುಗಳು

ಇನ್ನು ಎರಡನೆಯ ಪ್ರಶ್ನೆ. ರಾಬರ್ಟ್ ಬ್ರೂಸ್ ಫೂಟ್ (1834–1912) ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ಅಧಿಕಾರಿ. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರು ಎತ್ತಿಕೊಂಡ ಒಂದು ಕಲ್ಲು ಆದಿಮಾನವನ ಆಯುಧವೆಂದು ತಿಳಿದಾಗ ಭಾರತದ ಇತಿಹಾಸ ಒಮ್ಮೆಲೇ ಸಾವಿರಾರು ವರ್ಷ ಹಿಂದಕ್ಕೆ ಸರಿಯಿತು. ಬಳ್ಳಾರಿ ಜಿಲ್ಲೆಯನ್ನು ಅವರು ಊರೂರು ಸುತ್ತಿ ಅಳೆದರು. ಇಲ್ಲಿನ ಭೂರಚನೆಯ ಕುರಿತ ಅವರ ಗ್ರಂಥ 1895ರಲ್ಲಿ ಪ್ರಕಟವಾಯಿತು. ನಗರದಿಂದ ಕೆಲವೇ ಕಿಲೋಮೀಟರ್ ದೂರದ ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ನೆಲೆಗಳು ಅವರ ಗಮನಕ್ಕೆ ಬಂದವು.

ನಾಲ್ಕು ದಶಕಗಳ ಕಾಲ ಕೂಡಿಸಿದ ಈ ಸಂಗ್ರಹ 1904ರಲ್ಲಿ ಮದರಾಸು ಸಂಗ್ರಹಾಲಯಕ್ಕೆ ಸೇರಿತು. ಪ್ರತಿಯೊಂದು ಕಲ್ಲಿಗೂ ಸಂಖ್ಯೆ ಕೊಟ್ಟು, ಅದು ಸಿಕ್ಕ ಸ್ಥಳವನ್ನು ನಮೂದಿಸಿದ ಅವರ ವಿವರಪಟ್ಟಿ ಅವರ ಮರಣಾನಂತರ, 1914ರಲ್ಲಿ ಅಚ್ಚಾಯಿತು. 1953ರಲ್ಲಿ ಜಿಲ್ಲೆ ಮೈಸೂರಿಗೆ ಬಂದಿತು, ಕಲ್ಲುಗಳು ಬರಲಿಲ್ಲ. ಕಾಣುಂ ಪೊಂಗಲ್ಲಿನ ಜನಸಾಗರ ಅಮರಾವತಿಯ ಶಿಲ್ಪಗಳನ್ನೂ ಕಂಚಿನ ವಿಗ್ರಹಗಳನ್ನೂ ನೋಡಲು ಧಾವಿಸುವ ಕಟ್ಟಡಗಳಲ್ಲೇ, ಅಂಗೈಯಗಲದ ಕಪ್ಪು ಕೊಡಲಿಗಳ ಆ ಸಂಗ್ರಹವೂ ಇದೆ.

ಇದನ್ನು ಕೇಳಿ ಕೋಪಗೊಳ್ಳುವುದು ಸುಲಭ. ಆದರೆ ನ್ಯಾಯವಾಗಿ ಯೋಚಿಸಬೇಕು. ಸಂಗನಕಲ್ಲಿನ ಸುತ್ತಮುತ್ತ ಕ್ರಿಸ್ತಪೂರ್ವ ಸುಮಾರು 3000ದಿಂದ 1200ರವರೆಗೆ ಜನ ವಾಸವಾಗಿದ್ದರು. ದನಗಾಹಿಗಳಾದ ಅವರು ಬಿಟ್ಟುಹೋದ ಬೂದಿದಿಬ್ಬಗಳಿವೆ. ಗುಡ್ಡದ ಬಂಡೆಗಳ ಮೇಲೆ ಉದ್ದ ಕೊಂಬಿನ ಗೂಳಿಗಳ ಚಿತ್ರಗಳಿವೆ. ಕೆಲವು ಬಂಡೆಗಳನ್ನು ಸಣ್ಣ ಕಲ್ಲಿನಿಂದ ಬಡಿದರೆ ಗಂಟೆಯಂಥ ನಾದ ಹೊರಡುತ್ತದೆ. 2004ರಲ್ಲಿ ಸಂಶೋಧಕರು ಈ ನಾದದ ಬಂಡೆಗಳನ್ನು ಲೋಕದ ಗಮನಕ್ಕೆ ತಂದಾಗಲೇ ಕಲ್ಲುಗಣಿಗಾರಿಕೆ ಆ ನೆಲೆಗೆ ಅಪಾಯ ತಂದೊಡ್ಡಿರುವುದನ್ನೂ ಎಚ್ಚರಿಸಿದ್ದರು. ಮದರಾಸಿಗೆ ಹೋದ ಕಲ್ಲು ತನ್ನ ಗುಡ್ಡವನ್ನು ಕಳೆದುಕೊಂಡಿತು, ಆದರೆ ಉಳಿಯಿತು. ಇಲ್ಲೇ ಉಳಿದ ಬಂಡೆಗಳಲ್ಲಿ ಹಲವು ಜಲ್ಲಿಯಾಗಿ ಹೋದವು. ಇವೆರಡರಲ್ಲಿ ಯಾವ ನಷ್ಟ ದೊಡ್ಡದು?

ಗಾಜಿಲ್ಲದ ಸಂಗ್ರಹಾಲಯ

ನಮ್ಮ ಜಿಲ್ಲೆಯಲ್ಲಿ ಜನಸಂದಣಿಗೆ ಕೊರತೆಯಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯಲ್ಲಿ ಏಕಶಿಲೆಯ ಬೃಹತ್ ನಂದಿಯಿದೆ. ರಥೋತ್ಸವದಂದು ಅಲ್ಲಿ ಸೇರುವ ಜನ ಯಾವ ಮಹಾನಗರದ ಪ್ರದರ್ಶನಕ್ಕೂ ಕಡಿಮೆಯಲ್ಲ. ಅವರು ಆ ಶಿಲ್ಪವನ್ನು ಕಲಾವಸ್ತುವೆಂದು ನೋಡುವುದಿಲ್ಲ, ತಮ್ಮ ಮನೆಯ ಹಿರಿಯನೆಂಬಂತೆ ನೋಡುತ್ತಾರೆ. ಆದ್ದರಿಂದಲೇ ಅದಕ್ಕೆ ಧಕ್ಕೆಯಾಗಿಲ್ಲ. ಆದರೆ ಅದೇ ಊರಿನಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಆಳಿದ ಕುರುಗೋಡಿನ ಸಿಂದರ ನೆನಪನ್ನು ಹೊತ್ತ ಹಳೆಯ ಗುಡಿಗಳೂ ಇವೆ. ಜಾತ್ರೆಗೆ ಬಂದ ಎಷ್ಟು ಮಂದಿ ಅತ್ತ ಹೆಜ್ಜೆ ಹಾಕುತ್ತಾರೆ?

ಸಿರುಗುಪ್ಪ ತಾಲ್ಲೂಕಿನ ಕಥೆ ಇನ್ನೂ ಸೋಜಿಗದ್ದು. ತೆಕ್ಕಲಕೋಟೆಯ ಗುಡ್ಡದಲ್ಲಿ ಎಂ. ಎಸ್. ನಾಗರಾಜರಾವ್ ಅವರು 1963-64ರಲ್ಲಿ ನಡೆಸಿದ ಉತ್ಖನನದಿಂದ ನವಶಿಲಾಯುಗದವರ ಮನೆಗಳೂ ಸಮಾಧಿಗಳೂ ಬೆಳಕಿಗೆ ಬಂದವು. ಅದೇ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ; 1970ರ ದಶಕದ ಉತ್ತರಾರ್ಧದಲ್ಲಿ ಅವು ವಿದ್ವಾಂಸರ ಕಣ್ಣಿಗೆ ಬಿದ್ದವು. ಬಹುತೇಕ ಶಾಸನಗಳಲ್ಲಿ ಆ ಅರಸನನ್ನು ದೇವಾನಾಂಪ್ರಿಯನೆಂದಷ್ಟೇ ಕರೆದಿದೆ. ಅಶೋಕನೆಂಬ ಹೆಸರು ಸ್ಪಷ್ಟವಾಗಿ ಕಾಣಿಸಿಕೊಳ್ಳುವ ಬೆರಳೆಣಿಕೆಯ ಸ್ಥಳಗಳಲ್ಲಿ ಮಸ್ಕಿಯೊಡನೆ ನಮ್ಮ ಈ ಎರಡು ಹಳ್ಳಿಗಳೂ ಸೇರಿವೆ. ಅಶೋಕನ ಶಾಸನಗಳು ಜನರಿಗೆ ತಿಳಿಯಲೆಂದೇ, ಅವರಿಗೆ ಓದಿ ಹೇಳಲೆಂದೇ ಬರೆಸಿದವು. ಯಾವ ಅಕ್ಷರಗಳು ಜನರನ್ನು ಕೂಗಿ ಕರೆಯುವುದಕ್ಕಾಗಿ ಹುಟ್ಟಿದವೋ ಅವುಗಳ ಮುಂದೆ ಇಂದು ನಿಲ್ಲುವವರು ವಿರಳ.

ನೋಡುವ ಹಕ್ಕು, ನೋಡುವ ಹೊಣೆ

ಹಾಗಾದರೆ ಮಹಾನಗರದ ಪ್ರದರ್ಶನಗಳಿಗೆ ಹೋಗಬಾರದೇ? ಖಂಡಿತ ಹೋಗಬೇಕು. ಅರ್ಜಿ ಹಾಕಿ ಕಾಯಬೇಕಾಗಿದ್ದ ಬಾಗಿಲು ಎಲ್ಲರಿಗೂ ತೆರೆಯಲು ಬಹುಕಾಲ ಹಿಡಿದಿದೆ. ಅಲ್ಲಿನ ನೂಕುನುಗ್ಗಲು ಆ ಹಕ್ಕಿನ ಗುರುತು. ಆದರೆ ಹಕ್ಕಿನೊಡನೆ ಹೊಣೆಯೂ ಬರುತ್ತದೆ. ನೂರು ವಸ್ತುಗಳ ಮುಂದೆ ಹಾದುಹೋಗುವ ಬದಲು ಐದರ ಮುಂದೆ ನಿಲ್ಲೋಣ. ವಸ್ತುವಿನ ಕೆಳಗಿನ ಚೀಟಿಯಲ್ಲಿ ಅದು ಯಾವ ಊರಿನದೆಂದು ಓದೋಣ. ಈ ಕಲ್ಲು ಒಂದು ಕಾಲಕ್ಕೆ ಯಾರ ಕೈಯಲ್ಲಿತ್ತು, ಅದರ ಊರು ಇಂದು ಹೇಗಿದೆ ಎಂದು ಮಕ್ಕಳಿಗೆ ಕೇಳೋಣ.

ಬಳ್ಳಾರಿಯವರಿಗೆ ಈಗ ಇನ್ನೊಂದು ಅನುಕೂಲವಿದೆ. ಪುರಾತತ್ತ್ವಜ್ಞ ರವಿ ಕೋರಿಶೆಟ್ಟರ್ ಅವರ ಪರಿಶ್ರಮದಿಂದ ನಗರದಲ್ಲೇ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ತ್ವ ಸಂಗ್ರಹಾಲಯ ರೂಪುಗೊಂಡಿದೆ. ಫೂಟರ ಹೆಸರು ಮರಳಿ ಅವರು ಅಲೆದಾಡಿದ ನೆಲಕ್ಕೆ ಬಂದಿದೆ. ಅಲ್ಲಿ ಕಲ್ಲಿನ ಕೊಡಲಿಯನ್ನು ನೋಡಿದ ಮಗು ಅದೇ ದಿನ ಸಂಜೆ ಸಂಗನಕಲ್ಲಿನ ಗುಡ್ಡದ ಬುಡಕ್ಕೆ ಹೋಗಿ ಅದು ಹುಟ್ಟಿದ ಬಂಡೆಯನ್ನೂ ನೋಡಬಹುದು. ಈ ಅವಕಾಶ ಮದರಾಸಿನಲ್ಲಾಗಲಿ ಲಂಡನ್ನಿನಲ್ಲಾಗಲಿ ಸಿಗುವಂಥದ್ದಲ್ಲ.

ಲೂವ್ರಿನ ಬರಿಗೋಡೆಯನ್ನು ನೋಡಲು ಜನ ಬಂದದ್ದು ಚಿತ್ರ ಕಳುವಾದ ಮೇಲೆ. ನಮ್ಮ ಗುಡ್ಡಗಳ ವಿಷಯದಲ್ಲಿ ಅಲ್ಲಿಯವರೆಗೆ ಕಾಯುವುದು ಬೇಡ. ಊರಿನವರು ಆಗಾಗ ಹೋಗಿ ನೋಡುವ ಬಂಡೆಗೆ ಸುತ್ತಿಗೆ ಎತ್ತುವವನು ಒಮ್ಮೆಯಾದರೂ ಹಿಂದುಮುಂದು ನೋಡುತ್ತಾನೆ. ಶಾಲೆಗಳೂ ಧರ್ಮಕೇಂದ್ರಗಳೂ ಯುವಕ ಸಂಘಗಳೂ ವರ್ಷಕ್ಕೊಮ್ಮೆ ಮಕ್ಕಳನ್ನು ಸಂಗನಕಲ್ಲಿಗೆ, ತೆಕ್ಕಲಕೋಟೆಗೆ, ನಿಟ್ಟೂರಿಗೆ ಕರೆದೊಯ್ದರೆ ಅಷ್ಟರಮಟ್ಟಿಗೆ ಅವುಗಳ ಕಾವಲು ನಮ್ಮದಾದೀತು.