ಓದು ಬಲ್ಲವರ ಊರಿನ ಶಿಕ್ಷೆ

1694ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಒಂದು ಕಾನೂನು ಬಂತು. ವ್ಯಭಿಚಾರ ಸಾಬೀತಾದ ಗಂಡಸು, ಹೆಂಗಸು ಇಬ್ಬರ ಕೊರಳಿಗೂ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ನೇಣುಗಂಬದ ಮೇಲೆ ಎಸೆದು, ಒಂದು ಗಂಟೆ ಕಾಲ ಜನರೆದುರು ಕೂರಿಸಬೇಕು. ಆಮೇಲೆ 40ಕ್ಕೆ ಮೀರದಷ್ಟು ಛಡಿಯೇಟು. ಇಷ್ಟಕ್ಕೇ ಮುಗಿಯಲಿಲ್ಲ. ಅಂದಿನಿಂದ ಅವರು ತೊಡುವ ಮೇಲುಬಟ್ಟೆಯ ತೋಳಿನ ಮೇಲೋ ಬೆನ್ನಿನ ಮೇಲೋ, ಎಲ್ಲರಿಗೂ ಕಾಣುವ ಹಾಗೆ, ವ್ಯಭಿಚಾರದ ಇಂಗ್ಲಿಷ್ ಹೆಸರು 'ಅಡಲ್ಟರಿ'ಯ ಮೊದಲಕ್ಷರವಾದ 'ಎ' ಎಂಬ ದೊಡ್ಡಕ್ಷರವನ್ನು ಬಟ್ಟೆಯಲ್ಲಿ ಕತ್ತರಿಸಿ ಹೊಲಿದುಕೊಂಡಿರಬೇಕು. ಅಕ್ಷರದ ಉದ್ದ ಎರಡು ಅಂಗುಲ. ಬಣ್ಣ ತೊಟ್ಟ ಬಟ್ಟೆಗೆ ವಿರುದ್ಧವಾಗಿರಬೇಕು. ಅಕ್ಷರವಿಲ್ಲದೆ ಓಡಾಡಿ ಸಿಕ್ಕಿಬಿದ್ದರೆ ಮತ್ತೆ 15ಕ್ಕೆ ಮೀರದಷ್ಟು ಏಟು.

ನಾನು ಬಹುಕಾಲ ಒಂದನೇ ತರಗತಿಗೆ ಪಾಠ ಹೇಳಿದವಳು. ಹೊಲಿಗೆ ಪಿರಿಯಡ್ಡೂ ನನ್ನ ಪಾಲಿಗೇ ಬರುತ್ತಿತ್ತು. ಆದ್ದರಿಂದಲೋ ಏನೋ, ಈ ಕಾನೂನು ಓದಿದಾಗ ನೇಣುಗಂಬಕ್ಕಿಂತ ಆ ಎರಡು ಅಂಗುಲವೇ ನನ್ನನ್ನು ಹಿಡಿದು ನಿಲ್ಲಿಸಿತು. ಛಡಿಯೇಟು ಎಲ್ಲ ದೇಶಗಳಲ್ಲೂ ಇತ್ತು. ಆದರೆ ಒಂದು ಅಕ್ಷರವನ್ನೇ ಶಿಕ್ಷೆ ಮಾಡಬೇಕಾದರೆ ಅದನ್ನು ಓದುವ ಊರು ಬೇಕು. ಸಂತೆಯಲ್ಲಿ ತರಕಾರಿ ಮಾರುವವಳು, ನೀರು ಹೊರುವ ಆಳು, ಬೀದಿಯಲ್ಲಿ ಆಡುವ ಮಗು, ಎಲ್ಲರೂ ಆ ಗುರುತು ಏನೆಂದು ತಿಳಿಯಬೇಕು. ಮ್ಯಾಸಚೂಸೆಟ್ಸ್ ಸೇರಿದ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ನೆಲೆಸಿದ ಕಟ್ಟಾ ಪ್ರಾಟೆಸ್ಟಂಟರಾದ ಪ್ಯೂರಿಟನ್ನರು ಅಂಥ ಊರುಗಳನ್ನು ಕಟ್ಟಿದ್ದರು. ಅವರ ಸಾಧನೆಗಳಲ್ಲಿ ನಾನು ಮನಸಾರೆ ಗೌರವಿಸುವುದು ಇದನ್ನೇ. ನನಗೆ ಅತ್ಯಂತ ನೋವು ಕೊಡುವುದೂ ಅದನ್ನು ಅವರು ಹೀಗೆ ಬಳಸಿಕೊಂಡದ್ದೇ.

ನಥಾನಿಯಲ್ ಹಾಥಾರ್ನ್‌ನ 'ದಿ ಸ್ಕಾರ್ಲೆಟ್ ಲೆಟರ್' ಕಾದಂಬರಿಯ ಕತೆ ಇಂಗ್ಲಿಷ್ ಸಾಹಿತ್ಯ ಓದಿದ ಬಹಳ ಜನರಿಗೆ ಗೊತ್ತಿದೆ. ಗಂಡ ಸಮುದ್ರದ ಪಾಲಾದನೆಂದು ಊರು ನಂಬಿರುವಾಗ ಹೆಸ್ಟರ್ ಪ್ರಿನ್ ಒಂದು ಹೆಣ್ಣುಮಗು ಹೆರುತ್ತಾಳೆ. ತಂದೆ ಯಾರೆಂದು ಬಾಯಿಬಿಡುವುದಿಲ್ಲ. ಎದೆಯ ಮೇಲೆ ಕೆಂಪು 'ಎ' ತೊಟ್ಟು, ಮಗುವನ್ನು ಎತ್ತಿಕೊಂಡು ಬಾಸ್ಟನ್ನಿನ ಶಿಕ್ಷಾವೇದಿಕೆಯ ಮೇಲೆ ನಿಲ್ಲುತ್ತಾಳೆ. ಮಗುವಿನ ತಂದೆ ಊರೇ ಪೂಜಿಸುವ ತರುಣ ಪಾದ್ರಿ ಡಿಮ್ಸ್‌ಡೇಲ್. ಅವನು ಏಳು ವರ್ಷ ಒಳಗೊಳಗೇ ಬೇಯುತ್ತಾನೆ. ವೇಷ ಮರೆಸಿ ವೈದ್ಯನಾಗಿ ಬಂದ ಗಂಡ ಅವನ ಪಕ್ಕದಲ್ಲೇ ಬಿಡಾರ ಮಾಡಿ ಆ ಬೇಗೆಗೆ ಗಾಳಿ ಹಾಕುತ್ತಾನೆ.

ಗವರ್ನರ್ ಜಾನ್ ವಿನ್‌ತ್ರಾಪ್ 1649ರಲ್ಲಿ ತೀರಿಕೊಂಡ ರಾತ್ರಿ ಕಾದಂಬರಿಯಲ್ಲಿ ಬರುತ್ತದೆ. ಅಲ್ಲಿಂದ ಏಳು ವರ್ಷ ಹಿಂದಕ್ಕೆ ಎಣಿಸಿದರೆ ಹೆಸ್ಟರ್ ವೇದಿಕೆ ಹತ್ತಿದ್ದು 1642ರಲ್ಲಿ. ಅದೇ 1642ರಲ್ಲಿ ಮ್ಯಾಸಚೂಸೆಟ್ಸ್ ಬೇ ವಸಾಹತು ಇನ್ನೊಂದು ಕಾನೂನು ಮಾಡಿತ್ತು: ತಂದೆತಾಯಿಗಳು, ಯಜಮಾನರು ತಮ್ಮ ಕೈಕೆಳಗಿನ ಮಕ್ಕಳಿಗೆ ಓದು ಕಲಿಸಲೇಬೇಕು. ಮಕ್ಕಳು ಧರ್ಮದ ತತ್ತ್ವಗಳನ್ನೂ, ದೇಶದ ಮರಣದಂಡನೆಯ ಕಾನೂನುಗಳನ್ನೂ ಓದಿ ಅರ್ಥ ಮಾಡಿಕೊಳ್ಳುವಂತಿರಬೇಕು. ಐದು ವರ್ಷದ ಮೇಲೆ, 1647ರಲ್ಲಿ, 50 ಮನೆಗಳಿರುವ ಪ್ರತಿ ಊರೂ ಒಬ್ಬ ಮೇಷ್ಟರನ್ನು ಇಟ್ಟುಕೊಳ್ಳಬೇಕೆಂಬ ಕಾನೂನು ಬಂತು. ಜಗತ್ತಿನ ಬಹುಪಾಲು ಜನ ಹೆಬ್ಬೆಟ್ಟು ಒತ್ತುತ್ತಿದ್ದ ಕಾಲ ಅದು. ಮಗುವಿಗೆ ಓದು ಬರಬೇಕು, ಬಂದ ಓದಿನಲ್ಲಿ ಯಾವ ತಪ್ಪಿಗೆ ನೇಣು ಎಂಬುದೂ ತಿಳಿಯಬೇಕು. ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ.

ಆ ಶತಮಾನದ ಕೊನೆಯ ಹೊತ್ತಿಗೆ ಬಾಸ್ಟನ್ನಿನಲ್ಲಿ 'ನ್ಯೂ ಇಂಗ್ಲೆಂಡ್ ಪ್ರೈಮರ್' ಎಂಬ ಬಾಲಬೋಧೆ ಅಚ್ಚಾಯಿತು. ಅದರಲ್ಲಿ ಮೊದಲ ಅಕ್ಷರ 'ಎ'ಯನ್ನು ಕಲಿಸುತ್ತಿದ್ದದ್ದು ಬೈಬಲಿನ ಮೊದಲ ಮನುಷ್ಯ ಆಡಮ್‌ನ ಪತನದಿಂದ. ಅಂದರೆ ಅಲ್ಲಿಯ ಮಗುವಿಗೆ ಅಕ್ಷರಮಾಲೆಯ ಬಾಗಿಲಲ್ಲೇ ಪಾಪ ಎದುರಾಗುತ್ತಿತ್ತು. ಕಾದಂಬರಿಯಲ್ಲಿ ಹೆಸ್ಟರ್ ಮಗಳು ಪರ್ಲ್‌ಳನ್ನು ಅಮ್ಮನ ಎದೆಯ ಮೇಲಿರುವುದರ ಅರ್ಥ ಗೊತ್ತೇ ಎಂದು ಕೇಳುತ್ತಾಳೆ. ನೀನೇ ಅಕ್ಷರದ ಹಲಗೆಯಲ್ಲಿ ಕಲಿಸಿಕೊಟ್ಟ ದೊಡ್ಡ 'ಎ' ಅಲ್ಲವೇ ಎನ್ನುತ್ತದೆ ಮಗು. ಎಷ್ಟೋ ಮಕ್ಕಳ ಕೈಹಿಡಿದು ಸ್ಲೇಟಿನ ಮೇಲೆ ಮೊದಲ ಅಕ್ಷರ ತಿದ್ದಿಸಿದ ನನಗೆ ಇಡೀ ಪುಸ್ತಕದಲ್ಲಿ ಈ ಮಾತನ್ನು ದಾಟಿ ಮುಂದೆ ಹೋಗುವುದೇ ಕಷ್ಟ.

ಇತಿಹಾಸದ ಲೆಕ್ಕದಲ್ಲಿ 1642ರ ಬಾಸ್ಟನ್ನಿನಲ್ಲಿ ಹೆಸ್ಟರ್‌ಗೆ ಅಕ್ಷರದ ಶಿಕ್ಷೆ ಆಗುವಂತಿರಲಿಲ್ಲ. ಅಲ್ಲಿ ಮದುವೆಯಾದ ಹೆಂಗಸಿನೊಡನೆ ವ್ಯಭಿಚಾರಕ್ಕೆ ಮರಣದಂಡನೆ ಇತ್ತು. ಹಾಥಾರ್ನ್‌ಗೆ ಇದು ಗೊತ್ತಿತ್ತು. ಗಂಡ ಸತ್ತಿರಬಹುದು ಎಂಬ ಕಾರಣಕ್ಕೆ ನ್ಯಾಯಾಧೀಶರು ಕರುಣೆ ತೋರಿದರು ಎಂದು ಕಾದಂಬರಿಯ ಊರಿನವನೊಬ್ಬನಿಂದ ಹೇಳಿಸುತ್ತಾನೆ. ವ್ಯಭಿಚಾರಕ್ಕೆ ಅಕ್ಷರ ಹೊಲಿಸುತ್ತಿದ್ದದ್ದು ದಕ್ಷಿಣಕ್ಕಿದ್ದ ನೆರೆಯ ಪ್ಲಿಮತ್ ವಸಾಹತಿನಲ್ಲಿ. 1639ರಲ್ಲಿ ಅಲ್ಲಿಯ ಡಕ್ಸ್‌ಬರಿಯ ಮೇರಿ ಮೆಂಡೇಮ್ ಎಂಬವಳಿಗೆ, ಗಾಡಿಯ ಹಿಂದೆ ನಡೆಸುತ್ತಾ ಛಡಿಯಿಂದ ಹೊಡೆಯಬೇಕು, ಎಡತೋಳಿನ ಮೇಲೆ ಗುರುತು ತೊಡಿಸಬೇಕು, ಗುರುತಿಲ್ಲದೆ ಕಂಡರೆ ಮುಖಕ್ಕೆ ಬರೆ ಹಾಕಬೇಕು ಎಂಬ ತೀರ್ಪಾಯಿತು. 1641ರಲ್ಲಿ ಯಾರ್ಮತ್‌ನ ಒಂದು ಜೋಡಿ 'ಅಡಲ್ಟರಿ'ಯ ಮೊದಲೆರಡು ಅಕ್ಷರಗಳಾದ 'ಎ', 'ಡಿ' ತೊಡಬೇಕಾಯಿತು. 1658ರಲ್ಲಿ ಈ ಅಕ್ಷರದ ಶಿಕ್ಷೆಯೇ ಪ್ಲಿಮತ್‌ನ ಲಿಖಿತ ಕಾನೂನಾಯಿತು. ಉತ್ತರದ ಮೇನ್ ಪ್ರಾಂತದಲ್ಲಿ 1651ರಲ್ಲಿ ಮುದಿ ಪಾದ್ರಿಯೊಬ್ಬನ ಹೆಂಡತಿ ಮೇರಿ ಬ್ಯಾಚಲರ್‌ಗೆ ಬಟ್ಟೆಯ ಅಕ್ಷರವೂ ಸಾಲದಾಯಿತು. ಹೆರಿಗೆಯಾಗಿ ಆರು ವಾರವಾದ ಮೇಲೆ 39 ಏಟು, ಜೊತೆಗೆ ಮೈಮೇಲೆ 'ಎ' ಬರೆ ಎಂದು ತೀರ್ಪಿತ್ತರು.

ಮ್ಯಾಸಚೂಸೆಟ್ಸ್ ಬೇ ವಸಾಹತಿನಲ್ಲಿ ಕೆಂಪು ಅಕ್ಷರ ತೊಟ್ಟದ್ದು ಒಬ್ಬ ಗಂಡಸು. ರಾಬರ್ಟ್ ಕೋಲ್ಸ್ ಎಂಬ ಕುಡುಕ. 1634ರಲ್ಲಿ ಅವನಿಗೆ, ಬಿಳಿ ಬಟ್ಟೆಯ ಮೇಲೆ ಕುಡುಕ ಎಂಬರ್ಥದ 'ಡ್ರಂಕರ್ಡ್' ಪದದ ಮೊದಲಕ್ಷರ 'ಡಿ'ಯನ್ನು ಕೆಂಪು ಬಟ್ಟೆಯಲ್ಲಿ ಹೊಲಿಸಿ ಒಂದು ವರ್ಷ ಕೊರಳಲ್ಲಿ ಹಾಕಿಕೊಂಡಿರುವ ಶಿಕ್ಷೆಯಾಯಿತು. ಅದೇ 1634ರಲ್ಲಿ ಚಿನ್ನ, ಬೆಳ್ಳಿಯ ಎಳೆ, ಲೇಸು ಹಾಕಿದ ಬಟ್ಟೆಗಳನ್ನು ವಸಾಹತು ನಿಷೇಧಿಸಿತು. ಹೆಸ್ಟರ್ ತನ್ನ ಅಕ್ಷರದ ಸುತ್ತ ಚಿನ್ನದ ಎಳೆಯಲ್ಲಿ ಕಸೂತಿ ಹಾಕಿಕೊಂಡು ಬಂದಾಗ ನೆರೆದ ಹೆಂಗಸರು ಸಿಟ್ಟಾಗುವುದು ಇದಕ್ಕೇ. 1694ರ ಕಾನೂನು ಎರಡು ಅಂಗುಲ ಎಂದಿತ್ತು. ಹಾಥಾರ್ನ್ ತನ್ನ ಮುನ್ನುಡಿಯಲ್ಲಿ ಸೇಲಮ್‌ನ ಸುಂಕದಕಟ್ಟೆಯ ಅಟ್ಟದಲ್ಲಿ ಸಿಕ್ಕಿತೆಂದು ಕಲ್ಪಿಸಿಕೊಂಡ ಅಕ್ಷರದ ಒಂದೊಂದು ಕಾಲೂ ಮೂರೂಕಾಲು ಅಂಗುಲ. ಸೂಜಿ ಹಿಡಿದ ಹೆಂಗಸಿಗೆ ಆ ಒಂದೂಕಾಲು ಅಂಗುಲದ ಬೆಲೆ ಗೊತ್ತು. ಹೇಳಿದ್ದಷ್ಟನ್ನೇ ಹೊಲಿಯಲು ಹೆಸ್ಟರ್ ಒಪ್ಪಲಿಲ್ಲ.

ವಿನ್‌ತ್ರಾಪ್ ಬರೆದಿಟ್ಟ ದಿನಚರಿಯನ್ನು ಹಾಥಾರ್ನ್ ಓದಿದ್ದ. ಆ ದಿನಚರಿಯ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಒಂದು ಕ್ಯಾಪ್ಟನ್ ಜಾನ್ ಅಂಡರ್‌ಹಿಲ್‌ನದು. ಯುದ್ಧದಲ್ಲಿ ಹೆಸರು ಮಾಡಿದವನು, ಉಡುಪಿನಲ್ಲಿ ಶೋಕಿಯವನು. ಪೀಪಾಯಿ ಮಾಡುವವನೊಬ್ಬನ ಹೆಂಡತಿಯೊಡನೆ ಅವನ ಸಂಬಂಧ ಬಯಲಾಗಿತ್ತು. 1640ರಲ್ಲಿ ಅವನು ತನ್ನ ಅತ್ಯಂತ ಕೆಟ್ಟ ಬಟ್ಟೆ ತೊಟ್ಟು, ಕೊಳಕು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಬಾಸ್ಟನ್ ಚರ್ಚಿನ ಸಭೆಗೆ ಬಂದು, ಬೆಂಚಿನ ಮೇಲೆ ನಿಂತು, ಬಿಕ್ಕಿ ಬಿಕ್ಕಿ ಅಳುತ್ತಾ ಎಲ್ಲವನ್ನೂ ಒಪ್ಪಿಕೊಂಡ. ಅವನನ್ನು ಮತ್ತೆ ಸಭೆಗೆ ಸೇರಿಸಿಕೊಂಡರು.

ಇನ್ನೊಂದು ಮೇರಿ ಲೇಥಮ್‌ಳದು. ಬಯಸಿದ ಹುಡುಗ ಕೈಬಿಟ್ಟ ಸಿಟ್ಟಿನಲ್ಲಿ, ಮುಂದೆ ಯಾರು ಕೇಳಿದರೂ ಮದುವೆಯಾಗುತ್ತೇನೆಂದು ಹಟ ಮಾಡಿ ಮುದುಕನೊಬ್ಬನ ಕೈಹಿಡಿದವಳು. ಜೇಮ್ಸ್ ಬ್ರಿಟನ್ ಎಂಬವನೊಡನೆ ಅವಳ ಹೆಸರು ಬಂತು. ಅದು ಬಯಲಾದದ್ದು ಬ್ರಿಟನ್‌ನಿಂದಲೇ: ಪಾರ್ಶ್ವವಾಯು ಬಡಿದು, ಮನಸ್ಸಾಕ್ಷಿ ಹೆದರಿಸಿ, ಅವನೇ ಹೇಳಿಬಿಟ್ಟ. ತಮ್ಮ ತಪ್ಪು ತಾವೇ ಒಪ್ಪಿಕೊಳ್ಳುವವರನ್ನು ಮೂರ್ಖರೆಂದು ಅವನು ಎಷ್ಟೋ ಸಲ ಹೀಗಳೆದಿದ್ದನಂತೆ. 1644ರ ಮಾರ್ಚ್‌ನಲ್ಲಿ ಇಬ್ಬರನ್ನೂ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಮೇರಿಗೆ 18 ವರ್ಷ.

ಬ್ರಿಟನ್‌ನ ಆ ಕಾಯಿಲೆಯಲ್ಲಿ ಡಿಮ್ಸ್‌ಡೇಲ್ ಅರ್ಧ ಸಿಕ್ಕಿಬಿಡುತ್ತಾನೆ ಎಂದು ನನಗೆ ಅನ್ನಿಸುತ್ತದೆ. ಇನ್ನರ್ಧ ಆ ಧರ್ಮದ ಕಟ್ಟಡದಲ್ಲೇ ಇದೆ. ಕ್ಯಾಥೊಲಿಕರ ಪಾಪನಿವೇದನೆಯನ್ನು ಪ್ಯೂರಿಟನ್ನರು ತಳ್ಳಿಹಾಕಿದ್ದರು. ಪಾದ್ರಿಯ ಕಿವಿಯಲ್ಲಿ ಹೇಳಿ ಹಗುರಾಗುವ ದಾರಿ ಮುಚ್ಚಿತ್ತು. ಯಾರಿಗೆ ಮೋಕ್ಷ, ಯಾರಿಗೆ ನರಕ ಎಂಬುದು ಹುಟ್ಟುವ ಮೊದಲೇ ನಿಶ್ಚಯವಾಗಿದೆ ಎಂದು ನಂಬಿದ್ದರಿಂದ ಪ್ರತಿಯೊಬ್ಬರೂ ಹಗಲಿರುಳು ತಮ್ಮ ಎದೆಯನ್ನೇ ಕೆದಕಿ ಗುರುತು ಹುಡುಕುತ್ತಿದ್ದರು. ಊರಿಗೆ ಊರೇ ದೇವರೊಡನೆ ಒಡಂಬಡಿಕೆ ಮಾಡಿಕೊಂಡಿದ್ದರಿಂದ ಒಬ್ಬರ ಗುಟ್ಟಾದ ಪಾಪ ಎಲ್ಲರ ಬೆಳೆಗೂ ಮಕ್ಕಳಿಗೂ ಕೇಡು ತಂದೀತು ಎಂಬ ಭಯ ಬೇರೆ. ಉಳಿದ ದಾರಿ ಒಂದೇ: ಬೆಂಚು ಹತ್ತುವುದು. ಸಿಪಾಯಿ ಹತ್ತಿದ. ಪಾದ್ರಿ ಹತ್ತಿದರೆ ಊರಿನ ನಂಬಿಕೆಯ ಕಂಬವೇ ಬೀಳುತ್ತಿತ್ತು. ಅದಕ್ಕೇ ಡಿಮ್ಸ್‌ಡೇಲ್ ಕೋಣೆಯೊಳಗೆ ಚಾವಟಿ ಇಟ್ಟುಕೊಂಡು, ತನ್ನ ಧರ್ಮವೇ ಬೈಯುವ ರೋಮಿನ ರೀತಿಯಲ್ಲಿ ಮೈ ದಂಡಿಸಿಕೊಳ್ಳುತ್ತಾನೆ.

ಅಕ್ಷರದ ಅರ್ಥವನ್ನು ಕೋರ್ಟು ಒಮ್ಮೆ ನಿಗದಿ ಮಾಡಬಹುದು, ಓದುವವರನ್ನು ಕಟ್ಟಿಹಾಕಲು ಆಗುವುದಿಲ್ಲ. ಹೆಸ್ಟರ್ ವರ್ಷಗಟ್ಟಲೆ ರೋಗಿಗಳ ಸೇವೆ ಮಾಡಿದ ಮೇಲೆ ಅದೇ ಊರಿನವರು ಆ 'ಎ' ಎಂದರೆ 'ಏಬಲ್', ಶಕ್ತಿವಂತೆ ಎಂದು ಓದತೊಡಗುತ್ತಾರೆ. ವಿನ್‌ತ್ರಾಪ್ ಸತ್ತ ರಾತ್ರಿ ಉಲ್ಕೆಯೊಂದು ಆಕಾಶದಲ್ಲಿ 'ಎ' ಬರೆದಾಗ ಅದನ್ನು 'ಏಂಜಲ್' ಎನ್ನುತ್ತಾರೆ. ಡಿಮ್ಸ್‌ಡೇಲ್ ಒಬ್ಬನೇ ಅದರಲ್ಲಿ ತನ್ನ ಅಪರಾಧವನ್ನು ಓದುತ್ತಾನೆ. ಹಾಥಾರ್ನ್ ಮಾತ್ರ ಆ ಅಕ್ಷರದಿಂದ ಶುರುವಾಗುವ ಅಪರಾಧದ ಹೆಸರನ್ನು ಇಡೀ ಕಾದಂಬರಿಯಲ್ಲಿ ಒಮ್ಮೆಯೂ ಬರೆಯಲಿಲ್ಲ.

ಮಗಳ ಜೊತೆ ಸೇಲಮ್‌ಗೆ ಹೋದಾಗ ಡರ್ಬಿ ಬೀದಿಯ ಆ ಸುಂಕದಕಟ್ಟೆಯನ್ನು ನೋಡಿದೆ. 1819ರಲ್ಲಿ ಕಟ್ಟಿದ ಇಟ್ಟಿಗೆ ಕಟ್ಟಡ, ನೆತ್ತಿಯ ಮೇಲೆ ಹದ್ದು. ಹಾಥಾರ್ನ್ ಅಲ್ಲಿ ಮೂರು ವರ್ಷ ಅಧಿಕಾರಿಯಾಗಿದ್ದ. 1849ರಲ್ಲಿ ಸರ್ಕಾರ ಬದಲಾಗಿ ಕೆಲಸ ಹೋಯಿತು. ಅದೇ ಬೇಸಿಗೆ ತಾಯಿ ತೀರಿಕೊಂಡಳು. ಆ ದುಃಖದಲ್ಲೇ ಈ ಪುಸ್ತಕ ಬರೆದ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಚಾರ್ಟರ್ ಬೀದಿಯ ಸ್ಮಶಾನವಿದೆ. ಅಲ್ಲಿ ಅವನ ಪೂರ್ವಜ ಜಾನ್ ಹಾಥಾರ್ನ್‌ನ ಕಲ್ಲು. 1692ರ ಮಾಟಗಾತಿ ವಿಚಾರಣೆಗಳಲ್ಲಿ ಅಮಾಯಕರನ್ನು ಗದರಿಸಿ ಪ್ರಶ್ನಿಸಿದ ನ್ಯಾಯಾಧೀಶ. ಆ ವರ್ಷ 19 ಮಂದಿಯನ್ನು ಗಲ್ಲಿಗೇರಿಸಿದರು. ಅದೇ ಪೀಠದ ಸ್ಯಾಮ್ಯುಯೆಲ್ ಸೀವಾಲ್ 1697ರಲ್ಲಿ ಬಾಸ್ಟನ್ ಚರ್ಚಿನಲ್ಲಿ ಎದ್ದು ನಿಂತು, ತನ್ನ ತಪ್ಪೊಪ್ಪಿಗೆಯನ್ನು ಪಾದ್ರಿಯ ಕೈಲಿ ಗಟ್ಟಿಯಾಗಿ ಓದಿಸಿದ. ಜಾನ್ ಹಾಥಾರ್ನ್ ಹಾಗೆ ನಿಲ್ಲಲಿಲ್ಲ. ಅವನ ತಂದೆ ವಿಲಿಯಂ ಕ್ವೇಕರ್ ಪಂಥದ ಹೆಂಗಸರಿಗೆ ಚಾವಟಿ ಬೀಸಿಸಿದವನು. ಇವರಿಬ್ಬರ ಅವಮಾನವನ್ನು ತಾನು ಹೊರುತ್ತೇನೆಂದು ಕಾದಂಬರಿಯ ಮುನ್ನುಡಿಯಲ್ಲಿ ಲೇಖಕ ಬರೆದ.

ತಾಯಿಯ ಕಡೆಯ ಕತೆ ಆ ಮುನ್ನುಡಿಯಲ್ಲಿ ಇಲ್ಲ. ತಾಯಿ ಮ್ಯಾನಿಂಗ್ ಮನೆತನದವಳು. 1681ರಲ್ಲಿ ಆ ಮನೆತನದ ಇಬ್ಬರು ಅಕ್ಕತಂಗಿಯರ ಮೇಲೆ ಸ್ವಂತ ಅಣ್ಣನೊಡನೆ ಸಂಬಂಧವೆಂಬ ಆರೋಪ ಹೊರಿಸಿ ಛಡಿಯೇಟಿನ ತೀರ್ಪು ಕೊಟ್ಟರು. ಜೊತೆಗೆ, ಸೇಲಮ್‌ನ ಸಭಾಮಂದಿರದ ನಡುದಾರಿಯಲ್ಲಿ, ಪ್ರವಚನ ಮುಗಿಯುವವರೆಗೆ, ಅಪರಾಧವನ್ನು ದೊಡ್ಡಕ್ಷರಗಳಲ್ಲಿ ಬರೆದ ಕಾಗದ ತಲೆಯ ಮೇಲಿಟ್ಟುಕೊಂಡು ಎತ್ತರದ ಸ್ಟೂಲಿನ ಮೇಲೆ ಇರಬೇಕೆಂದರು. ಆ ಊರಿನಲ್ಲಿ ಓದು ಬಾರದವರು ಎಷ್ಟು ಮಂದಿ ಇದ್ದಾರು! ಅಣ್ಣ ನಿಕೋಲಸ್ ಆಗಲೇ ಊರು ಬಿಟ್ಟು ತಪ್ಪಿಸಿಕೊಂಡಿದ್ದ.

ಹಾಥಾರ್ನ್‌ನ ತಂದೆ 1808ರಲ್ಲಿ ದೂರದ ಸುರಿನಾಮ್‌ನಲ್ಲಿ ಜ್ವರದಿಂದ ಸತ್ತಾಗ ಮಗನಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ತಾಯಿ ಮೂವರು ಮಕ್ಕಳನ್ನು ಕರೆದುಕೊಂಡು ಸೇಲಮ್‌ನ ಹರ್ಬರ್ಟ್ ಬೀದಿಯ ತವರುಮನೆಗೆ ಬಂದಳು. ಅವನು ಬೆಳೆದದ್ದು ಮ್ಯಾನಿಂಗರ ಆ ಮನೆಯಲ್ಲಿ, 1821ರಿಂದ 1825ರವರೆಗೆ ಬೋಡನ್ ಕಾಲೇಜಿನಲ್ಲಿ ಓದಿದ್ದು ಸೋದರಮಾವ ರಾಬರ್ಟ್ ಮ್ಯಾನಿಂಗ್ ಕೊಟ್ಟ ದುಡ್ಡಿನಲ್ಲಿ.