ವಿದ್ಯಾರ್ಥಿ ಇಮೇಲ್ ಖಾತೆ
ಕಾಲೇಜು ಅಥವಾ ವಿಶ್ವವಿದ್ಯಾಲಯವು ವಿದ್ಯಾರ್ಥಿಗೆ ಓದಿನ ಅವಧಿಗೆಂದು ಕೊಡುವ ಇಮೇಲ್ ವಿಳಾಸ. ಭಾರತದಲ್ಲಿ ಇಂಥ ವಿಳಾಸಗಳು ಸಾಮಾನ್ಯವಾಗಿ ‘ಎಸಿ.ಇನ್’ ಅಥವಾ ‘ಇಡಿಯು.ಇನ್’ ಎಂದು ಕೊನೆಗೊಳ್ಳುತ್ತವೆ. ಶಿಕ್ಷಣ ಸಂಸ್ಥೆಗಳಿಗೆ ಈ ಡೊಮೇನ್‌ಗಳನ್ನು ನೋಂದಾಯಿಸಿಕೊಡುವುದು ಅರ್ನೆಟ್ ಇಂಡಿಯಾ. ಖಾತೆಯ ಒಡೆತನ ಸಂಸ್ಥೆಯದು, ಬಳಕೆಯ ಹೊಣೆ ವಿದ್ಯಾರ್ಥಿಯದು. ಪರೀಕ್ಷಾ ವೇಳಾಪಟ್ಟಿ, ಶುಲ್ಕದ ಸೂಚನೆಗಳು ಇಲ್ಲಿಗೇ ಬರುವುದರಿಂದ ‘ನೋಡಲಿಲ್ಲ’ ಎಂಬ ಸಬೂಬನ್ನು ಹಲವು ಸಂಸ್ಥೆಗಳು ಒಪ್ಪುವುದಿಲ್ಲ.

ಪಾಸ್‌ವರ್ಡ್ ಯಾರಿಗೂ ಕೊಡಬಾರದೆಂಬುದೇ ಮುಖ್ಯ ನಿಯಮ. ಅಸೈನ್‌ಮೆಂಟ್ ಕಳಿಸಲೆಂದು ಹಾಸ್ಟೆಲಿನ ಗೆಳೆಯನಿಗೆ ಅದನ್ನು ಹೇಳಿದರೂ, ಆ ಖಾತೆಯಿಂದ ಹೋದ ಪ್ರತಿ ಪತ್ರಕ್ಕೂ ಖಾತೆದಾರನೇ ಉತ್ತರ ಹೇಳಬೇಕಾಗುತ್ತದೆ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನಡಿ ಅಪರಾಧ: 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ. ‘ನಿಮ್ಮ ಖಾತೆ ಇಂದು ರಾತ್ರಿ ಬಂದ್ ಆಗಲಿದೆ, ಇಲ್ಲಿ ಒತ್ತಿ’ ಎಂಬ ಪತ್ರ ಬಂದರೆ ಮೊದಲು ಕಳಿಸಿದವರ ಪೂರ್ತಿ ವಿಳಾಸ ನೋಡಬೇಕು; ಅನುಮಾನವಿದ್ದರೆ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ತಿಳಿಸಬೇಕು.

ವ್ಯಾಪಾರಕ್ಕೂ ಸಾಮೂಹಿಕ ಪ್ರಚಾರ ಪತ್ರಗಳಿಗೂ ಸಾಮಾನ್ಯವಾಗಿ ನಿಷೇಧವಿದೆ. ಓದು ಮುಗಿದ ಮೇಲೆ ಅನೇಕ ಕಡೆ ಖಾತೆ ಮುಚ್ಚುತ್ತಾರೆ. ಹಾಗೆ ಮುಚ್ಚುವ ಮುನ್ನ ಎಚ್ಚರಿಸಿ, ಪ್ರಾಜೆಕ್ಟ್ ವರದಿಗಳನ್ನು ಇಳಿಸಿಕೊಳ್ಳಲು ಸಾಕಷ್ಟು ಕಾಲಾವಕಾಶ ಕೊಡುವುದು ಸಂಸ್ಥೆಯ ಕರ್ತವ್ಯ. ಬ್ಯಾಂಕಿಗೋ ಉದ್ಯೋಗದ ಅರ್ಜಿಗೋ ಇದೇ ವಿಳಾಸ ಕೊಟ್ಟಿದ್ದರೆ ಅಂತಿಮ ಸೆಮಿಸ್ಟರಿನಲ್ಲೇ ಬದಲಿಸಿಕೊಳ್ಳುವುದು ಕ್ಷೇಮ.