ಮಿಡತೆ ಮತ್ತು ಇಸ್ಲಾಮೀ ಆಹಾರವಿಧಿ

ಕೃಷ್ಣಾತೀರದ ನಾರಾಯಣಪುರವನ್ನೊಳಗೊಂಡ ಸುರಪುರ ಸೀಮೆಯ ಚರಿತ್ರೆಯಲ್ಲಿ 1705ರ ವಾಗಣಗೇರಾ ಮುತ್ತಿಗೆ ಪ್ರಸಿದ್ಧವಾದುದು. ಪಿಡ್ಡನಾಯಕನ ವಿರುದ್ಧ ಔರಂಗಜೇಬನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆಯದು. ಆ ಬಾದಶಹನ ಆಜ್ಞೆಯಿಂದ ಸಂಕಲಿತವಾದ ನ್ಯಾಯಗ್ರಂಥ ‘ಫತಾವಾ-ಎ-ಆಲಂಗೀರಿ’. ಅದು ಹನಫೀ ಪಂಥದ್ದು. ನಮ್ಮ ಬಯಲುಸೀಮೆಯ ಸುನ್ನಿ ಮುಸಲ್ಮಾನರಲ್ಲಿ ಬಹುಮಂದಿ ಅನುಸರಿಸುವುದೂ ಆ ಪಂಥವನ್ನೇ. ಆದುದರಿಂದ ಕೀಟಾಹಾರವನ್ನು ಕುರಿತ ಅದರ ನಿರ್ಣಯ ನಮಗೆ ವಿಚಾರಾರ್ಹವಾಗಿದೆ.

ಹನಫೀ ವಿಧಿಯಂತೆ ಹುಳು, ನೊಣ, ಚೇಳು ಮೊದಲಾದುವೆಲ್ಲ ಹರಾಮ್, ಮಿಡತೆಯೊಂದೇ ಹಲಾಲ್. ಮನುಷ್ಯಸ್ವಭಾವವು ಹೇಸುವ ವಸ್ತುಗಳನ್ನು ಕುರಾನು ನಿಷೇಧಿಸಿದೆ, ಕೀಟಗಳು ಅಂಥವು ಎಂಬುದು ಅವರ ವಾದ. ಮಿಡತೆಗಾದರೋ ಪ್ರವಾದಿವಚನದ ಆಧಾರವುಂಟು: ಮೀನಿನಂತೆ ಅದನ್ನೂ ಜಬಹ್ ಮಾಡದೆಯೇ ತಿನ್ನಬಹುದು. ಅರಬ್ಬರ ನಾಡಿನಲ್ಲಿ ಅದು ಹಿಂದಿನಿಂದಲೂ ಆಹಾರವಾಗಿತ್ತು.

ಆದರೆ ಪಂಥಗಳ ಮತ ಒಂದೇ ಅಲ್ಲ. ತಾನಾಗಿ ಸತ್ತ ಮಿಡತೆ ಸಲ್ಲದು, ಮನುಷ್ಯನ ಕೈಯಿಂದಲೇ ಅದು ಸಾಯಬೇಕು ಎಂದು ಮಾಲಿಕೀ ಪಂಥದ ಪ್ರಸಿದ್ಧ ಮತ. ಭಟ್ಕಳದ ನವಾಯತರು ಅನುಸರಿಸುವ ಶಾಫಿಈ ಪಂಥ ಮಿಡತೆಯ ವಿಷಯದಲ್ಲಿ ಹನಫಿಗಳೊಡನೆ ಏಕಾಭಿಪ್ರಾಯ ಹೊಂದಿದೆ; ಸಿಗಡಿಯ ವಿಷಯದಲ್ಲಿ ಹಾಗಿಲ್ಲ. ಶಾಫಿಈಗಳಿಗೆ ಸಿಗಡಿ ನಿರ್ಬಾಧಿತ; ಹನಫೀ ಪಂಡಿತರಲ್ಲಿ ಅದು ಮೀನೋ ಅಲ್ಲವೋ ಎಂಬ ಚರ್ಚೆಯೇ ನಡೆದಿದೆ.

ಇಷ್ಟರಿಂದ ಎರಡು ಸಂಗತಿಗಳು ವೇದ್ಯವಾಗುತ್ತವೆ. ಕರ್ಣಾಟಕದ ಮುಸಲ್ಮಾನರ ಆಹಾರವಿಧಿಯನ್ನು ಏಕರೂಪವೆಂದು ಭಾವಿಸಲಾಗದು. ಎರಡನೆಯದಾಗಿ, ಅನುಮತಿ ಬೇರೆ, ರೂಢಿ ಬೇರೆ. ಜೋಳ ಬೆಳೆಯುವ ಒಕ್ಕಲಿಗನಿಗೆ ಮಿಡತೆ ಮೊದಲು ಪೈರಿನ ಶತ್ರು. ಶಾಸ್ತ್ರವು ಒಪ್ಪಿದ ಮಾತ್ರಕ್ಕೆ ಅದು ಅವನ ಊಟವಾಗುವುದಿಲ್ಲ. ಗ್ರಂಥದ ವಿಧಿಯಿಂದಲೇ ಜನಜೀವನವನ್ನು ಊಹಿಸುವ ಇತಿಹಾಸಕಾರನು ಈ ಭೇದವನ್ನು ಮರೆಯಬಾರದು.